ಗಡಿ ಗೇಟಿನ ಹೊಗೆಗೂ ಒಂದು ಲೆಕ್ಕ ಬೇಕು

ಗಡಿ ಅಂದ ತಕ್ಷಣ ಟಿವಿ ಪರದೆ ಮೇಲೆ ಏನು ಬರುತ್ತೆ? ಮುಳ್ಳುತಂತಿ, ಬಂದೂಕು, ಬೂಟಿನ ಸದ್ದು. ನಮ್ಮ ಚಾನೆಲ್‌ಗಳಲ್ಲೂ ಅದೇ, ಅಮೆರಿಕದ ಚಾನೆಲ್‌ಗಳಲ್ಲೂ ಅದೇ. ಆದರೆ ಗಡಿಯಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಯಾರೂ ಬ್ರೇಕಿಂಗ್ ನ್ಯೂಸ್ ಮಾಡಲ್ಲ. ಅದು ಹೊಗೆ. ಗೇಟಿನ ಮುಂದೆ ಎಂಜಿನ್ ಆನ್ ಮಾಡಿಕೊಂಡು ಗಂಟೆಗಟ್ಟಲೆ ನಿಂತ ಸಾವಿರಾರು ಕಾರುಗಳ ಹೊಗೆ. ಇವತ್ತು ನಾನು ಹೇಳಲು ಹೊರಟಿರುವುದು ಆ ಹೊಗೆಯ ಚರಿತ್ರೆ.

ಜಾಗ ಯಾವುದು ಅಂದ್ರೆ ಸ್ಯಾನ್ ಇಸಿದ್ರೊ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದ ದಕ್ಷಿಣದ ತುದಿ. ಗೇಟು ದಾಟಿದರೆ ಮೆಕ್ಸಿಕೊದ ಟಿಹುವಾನ. 1848ರ ಒಪ್ಪಂದದಲ್ಲಿ ಅಮೆರಿಕ ಮೆಕ್ಸಿಕೊದಿಂದ ಕ್ಯಾಲಿಫೋರ್ನಿಯಾವನ್ನು ಕಿತ್ತುಕೊಂಡಿತಲ್ಲ, ಈ ಗೆರೆ ಎಳೆದಿದ್ದು ಆಗ. 1909ರಲ್ಲಿ ಇಲ್ಲಿ ಸಣ್ಣ ಸಣ್ಣ ತುಂಡು ಜಮೀನಿನ ರೈತರ ಒಂದು ಕಾಲನಿ ಶುರುವಾಯಿತು. ‘ಲಿಟ್ಲ್ ಲ್ಯಾಂಡರ್ಸ್’ ಅಂತ ಅವರಿಗೆ ಹೆಸರು. 1916ರ ಜನವರಿಯಲ್ಲಿ ಟಿಹುವಾನ ನದಿ ಉಕ್ಕಿ ಆ ಕಾಲನಿಯನ್ನು ಹಾಳುಗೆಡವಿತು. ನೆಲಕ್ಕೂ ನೀರಿಗೂ ಗೆರೆ ಗೊತ್ತಿಲ್ಲ ನೋಡಿ. ಗಾಳಿಗಂತೂ ಕೇಳಲೇಬೇಡಿ.

ಇವತ್ತು ಅದು ಪಶ್ಚಿಮ ಗೋಳಾರ್ಧದಲ್ಲೇ ಅತ್ಯಂತ ದಟ್ಟಣೆಯ ಭೂ ಗಡಿ ದ್ವಾರ. ಅಮೆರಿಕದ ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಜನರಲ್ ಸರ್ವೀಸಸ್ ಅಡ್ಮಿನಿಸ್ಟ್ರೇಷನ್ ಕೊಟ್ಟಿರುವ ಲೆಕ್ಕದ ಪ್ರಕಾರ, ದಿನಕ್ಕೆ ಸರಾಸರಿ 70,000 ಜನ ವಾಹನಗಳಲ್ಲಿ, 20,000 ಜನ ಕಾಲ್ನಡಿಗೆಯಲ್ಲಿ ಇಲ್ಲಿಂದ ಉತ್ತರಕ್ಕೆ ದಾಟುತ್ತಾರೆ. ಇವರಲ್ಲಿ ಬಹಳಷ್ಟು ಜನ ವಲಸೆಗೆ ಬಂದವರೇ ಅಲ್ಲ. ಟಿಹುವಾನದಲ್ಲಿ ಮನೆ, ಸ್ಯಾನ್ ಡಿಯಾಗೋದಲ್ಲಿ ಕೆಲಸ. ಬೆಳಗ್ಗೆ ಹೋಗ್ತಾರೆ, ಸಂಜೆ ವಾಪಸ್ ಬರ್ತಾರೆ.

ಈಗ ಕಾನೂನಿನ ಕಥೆಗೆ ಬರೋಣ. ಅದು ಹುಟ್ಟಿದ್ದು 1969ರಲ್ಲಿ. ಆ ವರ್ಷದ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಕಡಲಲ್ಲಿ ತೈಲಬಾವಿ ಸಿಡಿದು ಮೈಲುಗಟ್ಟಲೆ ತೀರ ಕಪ್ಪಾಯಿತು. ಎಣ್ಣೆ ಮೆತ್ತಿಕೊಂಡ ಹಕ್ಕಿಗಳನ್ನು ಅಮೆರಿಕದ ಜನ ಮನೆಯಲ್ಲಿ ಕೂತು ಟಿವಿಯಲ್ಲಿ ನೋಡಿದರು. ಸಿಟ್ಟು ನೆತ್ತಿಗೇರಿತು. ಅದೇ ವರ್ಷದ ಸೆಪ್ಟೆಂಬರ್ 21ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ಸರ್ಕಾರ ‘ಆಪರೇಷನ್ ಇಂಟರ್‌ಸೆಪ್ಟ್’ ಶುರುಮಾಡಿತು. ಗಾಂಜಾ ಹುಡುಕುವ ಹೆಸರಿನಲ್ಲಿ ಮೆಕ್ಸಿಕೊ ಗಡಿಯಲ್ಲಿ ಪ್ರತಿ ವಾಹನವನ್ನೂ ಜಾಲಾಡುವ ಕಾರ್ಯಾಚರಣೆ. ಪರಿಣಾಮ? ಮೈಲುಗಟ್ಟಲೆ ಸಾಲು. ಮೂರು ವಾರ ತುಂಬುವ ಮೊದಲೇ ಅದನ್ನು ಕೈಬಿಡಬೇಕಾಯಿತು.

ಅದೇ ನಿಕ್ಸನ್ 1970ರ ಜನವರಿ 1ರಂದು ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ ಸಹಿ ಹಾಕಿದರು. ಅಲ್ಲಿಯವರ ಬಾಯಲ್ಲಿ ಅದು ‘ನೀಪಾ’. ಸಹಿ ಹಾಕಿದ್ದು ವಾಷಿಂಗ್ಟನ್ನಿನಲ್ಲೂ ಅಲ್ಲ, ಸ್ಯಾನ್ ಕ್ಲೆಮೆಂಟೆಯ ತಮ್ಮ ಕಡಲತೀರದ ಮನೆಯಲ್ಲಿ. ಅಲ್ಲಿಂದ ಸ್ಯಾನ್ ಇಸಿದ್ರೊ ಸುಮಾರು 120 ಕಿಲೋಮೀಟರ್. ಗಡಿಯಲ್ಲಿ ವಾಹನಗಳ ಸಾಲು ಬೆಳೆಸಿದ ಕೈಯೇ ಆ ಸಾಲಿನ ಹೊಗೆಗೆ ಲೆಕ್ಕ ಕೇಳುವ ಕಾಯ್ದೆಗೂ ಸಹಿ ಹಾಕಿತು. ಇತಿಹಾಸ ಕೆಲವೊಮ್ಮೆ ಹೀಗೆ ತಮಾಷೆ ಮಾಡುತ್ತೆ.

ಕಾಯ್ದೆ ಹೇಳುವುದೇನು? ಪರಿಸರದ ಮೇಲೆ ದೊಡ್ಡ ಪರಿಣಾಮ ಬೀರುವ ಕೆಲಸಕ್ಕೆ ಕೇಂದ್ರ ಸರ್ಕಾರ ಕೈಹಾಕುವ ಮೊದಲು ವಿವರವಾದ ವರದಿ ಬರೆಯಬೇಕು. ಬೇರೆ ದಾರಿಗಳೇನು, ಏನೂ ಮಾಡದೆ ಬಿಟ್ಟರೆ ಏನಾಗುತ್ತೆ, ಅದನ್ನೂ ಬರೆಯಬೇಕು. ಜನರ ಮುಂದಿಡಬೇಕು. ಆದರೆ ಒಂದು ಮಾತು ನೆನಪಿರಲಿ: ಹಾನಿ ಇದೆ ಅಂತ ವರದಿ ಹೇಳಿದರೂ ಕೆಲಸ ನಿಲ್ಲಲೇಬೇಕು ಅಂತ ಈ ಕಾಯ್ದೆ ಹೇಳಲ್ಲ. ‘ಏನು ಮಾಡ್ತಿದ್ದೀಯ ಅಂತ ಗೊತ್ತಿದ್ದು ಮಾಡು’ ಅನ್ನುತ್ತದೆ, ಅಷ್ಟೇ. ಅಷ್ಟರಿಂದ ಏನಾಯ್ತು ಅಂತೀರಾ? ನೋಡೋಣ.

ಸ್ಯಾನ್ ಇಸಿದ್ರೊ ಗೇಟು 1970ರ ದಶಕದ್ದು. 24 ಸಾಲುಗಳಿದ್ದವು, ಸಾಲುತ್ತಿರಲಿಲ್ಲ. ಹೊಸದಾಗಿ ಕಟ್ಟಬೇಕು ಅಂದಾಗ ನೀಪಾ ಅಡ್ಡ ನಿಂತು ಪ್ರಶ್ನೆ ಕೇಳಿತು. 2009ರಲ್ಲಿ ಅಂತಿಮ ಪರಿಸರ ವರದಿ ಬಂತು. ಗಾಳಿ, ಸದ್ದು, ಸಂಚಾರ, ನೀರು, ಹಳೆಯ ಕಟ್ಟಡ, ಪಕ್ಕದ ಬಡಾವಣೆಯ ಜನ, ಎಲ್ಲಕ್ಕೂ ಅಧ್ಯಾಯ. 1930ರ ದಶಕದ ಹಳೆಯ ಕಸ್ಟಮ್ಸ್ ಕಟ್ಟಡದ ಗತಿಯೇನು ಅನ್ನುವುದಕ್ಕೂ ಉತ್ತರ ಕೊಡಬೇಕಾಯಿತು. ಅದು ರಾಷ್ಟ್ರೀಯ ಚಾರಿತ್ರಿಕ ತಾಣಗಳ ಪಟ್ಟಿಯಲ್ಲಿತ್ತು. ಯೋಜನೆ ಬದಲಾದಾಗ 2014ರಲ್ಲಿ ಪೂರಕ ವರದಿಯನ್ನೂ ಬರೆದರು. ಒಟ್ಟು 741 ಮಿಲಿಯನ್ ಡಾಲರ್ ಖರ್ಚಾಗಿ 2019ರ ಡಿಸೆಂಬರ್‌ನಲ್ಲಿ ಕೆಲಸ ಮುಗಿಯಿತು. ಈಗ 34 ಸಾಲು, 62 ಬೂತು.

ಇಲ್ಲಿ ಅಸಲಿ ಪ್ರಶ್ನೆ ಬರುತ್ತೆ. ಗೇಟು ದೊಡ್ಡದಾದರೆ ಹೊಗೆ ಕಡಿಮೆಯಾಗುತ್ತಾ, ಹೆಚ್ಚಾಗುತ್ತಾ? ಸಾಲು ಬೇಗ ಕರಗಿದರೆ ಹೊಗೆ ಕಡಿಮೆ, ಸರಿ. ಆದರೆ ದಾರಿ ಸಲೀಸಾಯಿತು ಅಂತ ಇನ್ನಷ್ಟು ಕಾರು ಬಂದರೆ? ನಮ್ಮ ಬೆಂಗಳೂರಿನ ಫ್ಲೈಓವರ್ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಗೇಟಿನ ಮುಂದೆ ಕಾಯುವ ಸಮಯ ಹೆಚ್ಚಿದಾಗ ಸ್ಯಾನ್ ಇಸಿದ್ರೊದ ಗಾಳಿಯಲ್ಲಿ ಮಸಿ ಕಣಗಳೂ ಹೆಚ್ಚುತ್ತವೆ ಅಂತ ಸ್ಯಾನ್ ಡಿಯಾಗೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿಕೊಟ್ಟರು. ಕಾರು ನಿಂತಿರೋದು ಮೆಕ್ಸಿಕೊದಲ್ಲಿ, ಕೆಮ್ಮೋದು ಅಮೆರಿಕದಲ್ಲಿ! ಆ ಬಡಾವಣೆಯಲ್ಲಿರುವವರು ಬಹುಪಾಲು ಮೆಕ್ಸಿಕನ್ ಮೂಲದ ದುಡಿಯುವ ಜನ. ಎರಡು ಹೆದ್ದಾರಿ ಊರನ್ನು ಸೀಳಿವೆ. ಆ ಜನರಿಗೆ ಈ ವರದಿ ಒಂದು ಹಿಡಿಕೆ ಕೊಟ್ಟಿತು. ‘ನೀವೇ ಬರೆದಿದ್ದೀರಲ್ಲ, ಈಗ ಉತ್ತರ ಹೇಳಿ’ ಅಂತ ಕೇಳುವ ಹಿಡಿಕೆ.

ಆದರೆ ಇದೇ ಗಡಿಯಲ್ಲಿ, ಗೇಟಿನಿಂದ ಕೆಲವೇ ಮೈಲಿ ಪಶ್ಚಿಮಕ್ಕೆ ಹೋದರೆ ಇನ್ನೊಂದು ಕಥೆ. ಅಲ್ಲಿ ಸ್ಮಗ್ಲರ್ಸ್ ಗಲ್ಚ್ ಅನ್ನೋ ಕಣಿವೆ ಇದೆ. ಅದರ ಮೇಲೆ ಬೇಲಿ ಹಾಕಬೇಕಿತ್ತು. ಕೆಳಗಿನ ನದೀಮುಖಕ್ಕೆ ಮಣ್ಣು ಕೊಚ್ಚಿ ಹೋಗುತ್ತೆ ಅಂತ ಕ್ಯಾಲಿಫೋರ್ನಿಯಾದ ಕರಾವಳಿ ಆಯೋಗ 2004ರಲ್ಲಿ ಒಪ್ಪಿಗೆ ಕೊಡಲಿಲ್ಲ. 2005ರಲ್ಲಿ ಸಂಸತ್ತು ‘ರಿಯಲ್ ಐಡಿ’ ಕಾಯ್ದೆ ತಂದಿತು. ಗಡಿ ಬೇಲಿಗಾಗಿ ಯಾವುದೇ ಕಾನೂನನ್ನು ಬದಿಗಿಡುವ ಅಧಿಕಾರ ಒಬ್ಬ ಸಚಿವರ ಕೈಗೆ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಮೈಕೆಲ್ ಚೆರ್ಟಾಫ್ ಅದನ್ನು ಬಳಸಿದರು. ನೀಪಾವೂ ಬದಿಗೆ ಸರಿಯಿತು. ಆಮೇಲೆ ಕಣಿವೆಗೆ ಮಣ್ಣು ತುಂಬಿದರು. ಒಂದೇ ಗೆರೆ, ಒಂದೇ ಸರ್ಕಾರ. ಬಾಗಿಲಿಗೆ ಕಾನೂನು ಇದೆ, ಗೋಡೆಗೆ ಇಲ್ಲ.

ನ್ಯಾಯಾಲಯಗಳೂ ಗೆರೆ ಎಳೆಯುತ್ತಾ ಬಂದಿವೆ. ಮೆಕ್ಸಿಕೊದ ಟ್ರಕ್ಕುಗಳ ಹೊಗೆಯ ಪ್ರಶ್ನೆ 2004ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ, ಟ್ರಕ್ಕುಗಳನ್ನು ತಡೆಯುವ ಅಧಿಕಾರವೇ ಆ ಸಂಸ್ಥೆಗಿಲ್ಲ, ಹಾಗಾಗಿ ಅದರ ಹೊಗೆಯ ಲೆಕ್ಕವನ್ನೂ ಅದು ಕೊಡಬೇಕಿಲ್ಲ ಅಂತ ಒಮ್ಮತದ ತೀರ್ಪು ಬಂತು. ಬಡಬಗ್ಗರ ಬಡಾವಣೆಗಳ ಮೇಲಿನ ಪರಿಣಾಮವನ್ನು ವಿಶೇಷವಾಗಿ ನೋಡಿ ಅಂತ 1994ರಲ್ಲಿ ಕ್ಲಿಂಟನ್ ಹೊರಡಿಸಿದ್ದ ಆದೇಶವನ್ನು 2025ರ ಜನವರಿಯಲ್ಲಿ ಟ್ರಂಪ್ ರದ್ದು ಮಾಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಇಂಥ ವರದಿಗಳ ವಿಚಾರದಲ್ಲಿ ನ್ಯಾಯಾಲಯಗಳು ಸರ್ಕಾರಿ ಸಂಸ್ಥೆಗಳ ತೀರ್ಮಾನಕ್ಕೆ ಹೆಚ್ಚು ಬೆಲೆ ಕೊಡಬೇಕು ಅಂದಿತು.

ಇದು ನಮಗ್ಯಾಕೆ ಅಂತೀರಾ? ಈ ಕಲ್ಪನೆ ಅಮೆರಿಕದಿಂದ ಹೊರಟು ನೂರಕ್ಕೂ ಹೆಚ್ಚು ದೇಶ ಸುತ್ತಿದೆ. ನಮ್ಮಲ್ಲಿ 1994ರ ಜನವರಿಯಲ್ಲಿ ಅದು ಅಧಿಸೂಚನೆಯಾಗಿ ಬಂತು, 2006ರಲ್ಲಿ ಹೊಸ ರೂಪ ಪಡೆಯಿತು. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ, ಗಡಿಯಿಂದ 100 ಕಿಲೋಮೀಟರ್ ಒಳಗಿನ ರಕ್ಷಣಾ ಮಹತ್ವದ ಹೆದ್ದಾರಿಗಳಿಗೆ ಮುಂಚಿತ ಪರಿಸರ ಅನುಮತಿಯಿಂದ ವಿನಾಯಿತಿ ಕೊಟ್ಟಿತು. ಸೈನಿಕನಿಗೆ ರಸ್ತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಮಾಲಯದ ಬೆಟ್ಟ ಕುಸಿದರೆ ಮೊದಲು ಸಿಕ್ಕಿಹಾಕಿಕೊಳ್ಳುವುದು ಅದೇ ಸೈನಿಕನ ಟ್ರಕ್ಕು ಅನ್ನುವುದನ್ನೂ ಯಾರಾದರೂ ಕಾಗದದ ಮೇಲೆ ಬರೆಯಬೇಕಲ್ಲವೇ?

ದೇಶದ ಭದ್ರತೆ ಮತ್ತು ಪರಿಸರ ಒಂದಕ್ಕೊಂದು ವೈರಿ ಅಂತ ನಮಗೆ ಹೇಳಿಕೊಡಲಾಗಿದೆ. ಸ್ಯಾನ್ ಇಸಿದ್ರೊದ ಗೇಟು ಬೇರೆ ಪಾಠ ಹೇಳುತ್ತೆ. ಅಲ್ಲಿ ಲೆಕ್ಕ ಕೇಳಿದ್ದರಿಂದ ಗೇಟು ನಿಲ್ಲಲಿಲ್ಲ, ತಪಾಸಣೆ ಸಡಿಲವಾಗಲಿಲ್ಲ. ಮೊದಲಿಗಿಂತ ದೊಡ್ಡ ಗೇಟೇ ಎದ್ದು ನಿಂತಿತು, ಪಕ್ಕದ ಮನೆಯವನಿಗೆ ಮಾತಾಡುವ ಹಕ್ಕೂ ಉಳಿಯಿತು. ಕಾವಲು ಕಾಯುವುದು ಯಾರಿಗಾಗಿ? ಒಳಗಿರುವ ಜನರಿಗಾಗಿ ತಾನೇ? ಹಾಗಾದರೆ ಆ ಜನರ ಉಸಿರು ಲೆಕ್ಕಕ್ಕೆ ಬರಲೇಬೇಕು.