ಸಾರಾಯಿ ನಿಷೇಧದ ನಂತರ: ಕರ್ನಾಟಕದ ಮದ್ಯನೀತಿಯಲ್ಲಿ ವ್ಯಸನಿಯ ಸ್ಥಾನ

2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂತು. ನಿಂತದ್ದು ಸಾರಾಯಿ, ಕುಡಿತವಲ್ಲ. ಪ್ಯಾಕೆಟ್ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ, ರಮ್, ಬ್ರಾಂದಿ ಬಂದು ಕೂತವು. ಯಾವ ಮದ್ಯವನ್ನು, ಎಲ್ಲಿ, ಯಾವ ಬೆಲೆಗೆ ಮಾರಬೇಕು ಎಂಬುದರ ಸುತ್ತಲೇ ನಮ್ಮ ಮದ್ಯನೀತಿ ಗಿರಕಿ ಹೊಡೆದಿದ್ದರಿಂದ, ಕುಡಿತಕ್ಕೆ ದಾಸನಾದ ಮನುಷ್ಯನ ಚಿಕಿತ್ಸೆ ಆ ನೀತಿಯ ಹೊರಗೇ ಉಳಿದಿದೆ ಎಂಬುದು ಈ ಲೇಖನದ ವಾದ.

ನಿಷೇಧದ ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ನೆರೆಯ ಕೃಷ್ಣಗಿರಿ ಭಾಗಗಳಲ್ಲಿ ಕಳ್ಳಭಟ್ಟಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ನಿಷೇಧದ ಟೀಕಾಕಾರರು ಈ ದುರಂತವನ್ನು ಉದಾಹರಿಸುವುದುಂಟು. ಆದರೆ ಸಾರಾಯಿ ಕಾನೂನುಬದ್ಧವಾಗಿದ್ದ 1981ರಲ್ಲೂ ಬೆಂಗಳೂರಿನಲ್ಲಿ ವಿಷಮದ್ಯ 300ಕ್ಕೂ ಹೆಚ್ಚು ಜೀವ ತೆಗೆದಿತ್ತು. ಆದ್ದರಿಂದ ನಿಷೇಧವೊಂದನ್ನೇ ಹೊಣೆ ಮಾಡುವುದು ಸರಿಯಲ್ಲ. ಬಡವನ ಕುಡಿತ ಎಂದೂ ಅಗ್ಗದ ಸರಕನ್ನೇ ಹುಡುಕುತ್ತದೆ. ಅದಕ್ಕೆ ವಿಷಕಾರಿ ಮಿಥನಾಲ್ ಬೆರೆಸುವವರಿಗೆ ಇದು ಚೆನ್ನಾಗಿ ಗೊತ್ತು.

ಇಂದು ಹಳ್ಳಿಗಳಲ್ಲಿ ಹೆಚ್ಚು ಕಾಣುವುದು ಅಗ್ಗದ ವಿಸ್ಕಿ, ರಮ್‌ಗಳ 90 ಮಿ.ಲೀ. ಪ್ಯಾಕೆಟ್. ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ, ಬಿದ್ದರೆ ಒಡೆಯುವುದಿಲ್ಲ, ಗೂಡಂಗಡಿಯ ಬಿಸ್ಕತ್ತಿನ ಡಬ್ಬದ ಹಿಂದೆ ಅಡಗುತ್ತದೆ. ಅದರಲ್ಲಿ ಮದ್ಯಸಾರದ ಪ್ರಮಾಣ ಶೇ. 42.8. ಲೆಕ್ಕ ಹಾಕಿದರೆ ಒಂದು ಪ್ಯಾಕೆಟ್‌ನಲ್ಲಿ ಸುಮಾರು 30 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. 10 ಗ್ರಾಂ ಮದ್ಯಸಾರವನ್ನು ಒಂದು ಪ್ರಮಾಣಿತ ಪೇಯವೆಂದು ಎಣಿಸಿದರೆ ಇದು ಮೂರಕ್ಕೆ ಸಮ. ‘ಬರೀ ಒಂದು ನೈಂಟಿ’ ಎನ್ನುವವನು ಈ ಲೆಕ್ಕ ಅರಿಯ. ಅರಿಯುವಂತೆ ಯಾರೂ ಹೇಳಿಲ್ಲ.

2019ರಲ್ಲಿ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಮದ್ಯಾವಲಂಬಿಗಳಲ್ಲಿ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿರುವುದು 38ಕ್ಕೆ ಒಬ್ಬರಿಗೆ. ಆಸ್ಪತ್ರೆಗೆ ದಾಖಲಾದವರು 180ಕ್ಕೆ ಒಬ್ಬರು. ಕರ್ನಾಟಕದ 2025–26ರ ಬಜೆಟ್ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಈ ಅಂಕಿಗಳನ್ನು ಒಟ್ಟಿಗೆ ಓದಿದವರಿಗೆ ಸಮಾಧಾನದಿಂದಿರುವುದು ಕಷ್ಟ. 2019ರ ಜನವರಿಯಲ್ಲಿ ಮದ್ಯನಿಷೇಧಕ್ಕೆ ಆಗ್ರಹಿಸಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದಿದ್ದರು.

ಅವರ ಬೇಡಿಕೆ ನಾಳೆಯೇ ಈಡೇರಿತೆಂದುಕೊಳ್ಳೋಣ. ವರ್ಷಗಟ್ಟಲೆ ದಿನವೂ ಕುಡಿದವನ ಮಿದುಳು ಮದ್ಯದ ಮಂಪರಿಗೆ ಎದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಮದ್ಯ ಏಕಾಏಕಿ ತಪ್ಪಿದರೆ ಆ ಉದ್ರೇಕಕ್ಕೆ ತಡೆಯಿರುವುದಿಲ್ಲ. ಮೊದಲು ಕೈನಡುಕ, ಬೆವರು; ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್; ಇನ್ನು ಕೆಲವರಿಗೆ 48ರಿಂದ 72 ಗಂಟೆಗಳ ಹೊತ್ತಿಗೆ ಡೆಲಿರಿಯಮ್. ಇಲ್ಲದ ಹುಳಗಳನ್ನು ಹಾಸಿಗೆಯಿಂದ ಕೊಡವುತ್ತಾ, ಹೆಂಡತಿಯ ಗುರುತೂ ಹಿಡಿಯದ ಈ ಸ್ಥಿತಿಯನ್ನು ಕಂಡು ಮನೆಯವರು ಎಷ್ಟೋ ಕಡೆ ಗಾಳಿ ಸೋಕಿತೆಂದು ತಿಳಿಯುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. ಸಕಾಲಕ್ಕೆ ಡಯಜೆಪಾಮ್‌ನಂಥ ಔಷಧಿ ಮತ್ತು ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಹೆಚ್ಚಿನವರು ಉಳಿಯುತ್ತಾರೆ. ಇವೆರಡೂ ದುಬಾರಿಯಲ್ಲ.

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಬುಧವಾರ ಕುಡಿತ ಬಿಟ್ಟವನಿಗೆ ಅಪಾಯ ಎದುರಾಗುವುದು ಶುಕ್ರವಾರ, ಶನಿವಾರ. ಆ ದಿನಗಳಲ್ಲಿ ಅವನನ್ನು ನೋಡಬೇಕಾದವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ಅವರಿಗೆ ಈ ಚಿಕಿತ್ಸೆಯ ತರಬೇತಿ, ಆ ಕೇಂದ್ರಕ್ಕೆ ಈ ಎರಡು ಔಷಧಿಗಳ ನಿರಂತರ ಪೂರೈಕೆ, ಇವಕ್ಕೆ ಅಬಕಾರಿ ವರಮಾನದಿಂದಲೇ ಹಣ ಮೀಸಲಿಡಬೇಕು.