ನಕಲಿ ವೆಬ್‌ಸೈಟಿಗೂ ಒಂದು ಚರಿತ್ರೆ ಇದೆ



‘ನಿಮ್ಮ ಖಾತೆ ಇಂದೇ ಬಂದ್ ಆಗುತ್ತದೆ, ಈ ಲಿಂಕ್ ಒತ್ತಿ’ ಎಂಬ ಸಂದೇಶ ನಮ್ಮಲ್ಲಿ ಬಹಳ ಜನರ ಮೊಬೈಲಿಗೆ ಬಂದಿದೆ. ಇದು ಈಗಿನ ಕಾಲದ ಮೋಸ ಎಂದುಕೊಳ್ಳುತ್ತೇವೆ. ನಿಜಕ್ಕೂ ಇದಕ್ಕೆ ಮೂವತ್ತು ವರ್ಷ ವಯಸ್ಸು.

1990ರ ದಶಕದ ಮಧ್ಯದಲ್ಲಿ ಅಮೆರಿಕದ ಮನೆಗಳಿಗೆ ಇಂಟರ್ನೆಟ್ ಕೊಡುತ್ತಿದ್ದ ದೊಡ್ಡ ಕಂಪನಿ ಎಒಎಲ್. ‘ನಾವು ಕಂಪನಿಯವರು, ಪಾಸ್‌ವರ್ಡ್ ಹೇಳಿ’ ಎಂದು ಅದರ ಗ್ರಾಹಕರಿಗೆ ಸಂದೇಶ ಕಳಿಸಿ ಖಾತೆ ಕದಿಯುತ್ತಿದ್ದವರಲ್ಲಿ ಹದಿಹರೆಯದ ಹುಡುಗರೂ ಇದ್ದರು. ಈ ಗಾಳಕ್ಕೆ ‘ಫಿಶಿಂಗ್’ ಎಂಬ ಹೆಸರು ಬಿದ್ದದ್ದು ಆಗಲೇ. ಮೀನು ಹಿಡಿಯುವ ಇಂಗ್ಲಿಷ್ ಪದದ ‘ಎಫ್’ ತೆಗೆದು ‘ಪಿ-ಎಚ್’ ಹಾಕಿದರು. (ಕನ್ನಡದಲ್ಲಿ ಬರೆದರೆ ಎರಡೂ ಒಂದೇ!) ‘ನಮ್ಮ ಸಿಬ್ಬಂದಿ ಯಾರೂ ಪಾಸ್‌ವರ್ಡ್ ಕೇಳುವುದಿಲ್ಲ’ ಎಂದು ಕಂಪನಿಯೇ ಪರದೆಯ ಮೇಲೆ ಬರೆಯಬೇಕಾಯಿತು.

ಆಮೇಲೆ ಮೋಸ ವಿಳಾಸದೊಳಗೆ ಸೇರಿತು. 2000ರಲ್ಲಿ ಪೇಪಾಲ್ ಹೆಸರಿನ ಕೊನೆಯ ‘ಎಲ್’ ಬದಲು ದೊಡ್ಡ ‘ಐ’ ಇಟ್ಟು ನಕಲಿ ತಾಣ ಮಾಡಿದರು. 2005ರಲ್ಲಿ ಶ್ಮೂ ಗ್ರೂಪ್ ಎಂಬ ಭದ್ರತಾ ತಜ್ಞರ ತಂಡ, ಜನರನ್ನು ಎಚ್ಚರಿಸಲೆಂದೇ, ಅದೇ ಹೆಸರಿನ ಒಂದು ‘ಎ’ ಜಾಗಕ್ಕೆ ರಷ್ಯನ್ ಲಿಪಿಯ ‘ಎ’ ಹಾಕಿ ತೋರಿಸಿತು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಆದೋನಿ ಕಡೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಡದ ‘ರ’ವನ್ನೂ ತೆಲುಗಿನ ‘ರ’ವನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಮೇಷ್ಟ್ರಿಗೂ ಗೊತ್ತಾಗದು.

‘ಬೀಗದ ಚಿತ್ರ ಇದ್ದರೆ ಸುರಕ್ಷಿತ’ ಎಂದು ಬಹುಕಾಲ ಹೇಳಿಕೊಟ್ಟರು. ಬೀಗದ ಅರ್ಥ ದಾರಿಯಲ್ಲಿ ಮಾಹಿತಿಯನ್ನು ಬೇರೆಯವರು ಓದಲಾರರು ಎಂದಷ್ಟೇ. ಆ ತುದಿಯಲ್ಲಿ ಕೂತವನು ಕಳ್ಳನೋ ಅಲ್ಲವೋ ಎಂದಲ್ಲ. ಕಳ್ಳರೂ ಬೀಗ ಹಾಕಿಕೊಂಡರು. 2023ರಲ್ಲಿ ಗೂಗಲ್ ಕ್ರೋಮ್ ಆ ಚಿತ್ರವನ್ನೇ ತೆಗೆಯಿತು.

ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕ್ 2025ರಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿತು. ಅಕ್ಟೋಬರ್ 31ರೊಳಗೆ ಬ್ಯಾಂಕುಗಳ ವೆಬ್‌ಸೈಟ್‌ಗಳು ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕೆಂದಿತು. ಈ ಕೊನೆಯ ಭಾಗ ಬ್ಯಾಂಕುಗಳಿಗಷ್ಟೇ ಸಿಗುತ್ತದೆ. ಆದ್ದರಿಂದ ವಿಳಾಸವನ್ನು ಹಿಂದಿನಿಂದ ಓದಿ: ‘ಎಚ್‌ಟಿಟಿಪಿಎಸ್’ ಆದ ಮೇಲಿನ ಮೊದಲ ಓರೆಗೆರೆಯ ಎಡಕ್ಕೆ ಏನಿದೆ ಎಂಬುದೇ ಮುಖ್ಯ. ಮುಂದೆ ಬ್ಯಾಂಕಿನ ಹೆಸರಿದ್ದು ಕೊನೆಗೆ ಇನ್ನೇನೋ ಇದ್ದರೆ ಅದು ಬ್ಯಾಂಕಿನದಲ್ಲ.

ಮನೆಯಲ್ಲಿ ಅಜ್ಜಿಯ ಪಿಂಚಣಿ ಖಾತೆಗೆ ಇಂಥದ್ದು ಆದರೆ ‘ನಿನಗ್ಯಾಕೆ ಬೇಕಿತ್ತು’ ಎಂದು ಬೈಯಬೇಡಿ. ಬೈಗುಳಕ್ಕೆ ಹೆದರಿ ಎರಡು ದಿನ ಮುಚ್ಚಿಟ್ಟರೆ ಹಣ ಕೈ ದಾಟಿರುತ್ತದೆ. ಆ ಕ್ಷಣವೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.