ವಾರ್ಡಿನಿಂದ ಮನೆಗೆ

ವೈದ್ಯಕೀಯದ ಚರಿತ್ರೆಯನ್ನು ಓದುವಾಗ ನನ್ನನ್ನು ಬಹಳ ದಿನ ಹಿಡಿದು ನಿಲ್ಲಿಸಿದ್ದು ಒಂದು ಪದ: ಕ್ವಾಶಿಯೋರ್ಕರ್. ತೀವ್ರ ಅಪೌಷ್ಟಿಕತೆಯಿಂದ ಮಗುವಿನ ಕೈಕಾಲು ಬಾತು, ಚರ್ಮ ಸುಲಿದು, ಕೂದಲು ಬಣ್ಣಗೆಡುವ ಕಾಯಿಲೆಯ ಹೆಸರಿದು. ಪದ ಲ್ಯಾಟಿನ್ನಿನದಲ್ಲ, ಗ್ರೀಕಿನದೂ ಅಲ್ಲ. ಇಂದಿನ ಘಾನಾ ದೇಶದ ಅಕ್ರಾ ಸುತ್ತಮುತ್ತ ಜನ ಆಡುವ ಗಾ ಭಾಷೆಯದು.

ಜಮೈಕಾದಲ್ಲಿ ಹುಟ್ಟಿದ ಸಿಸಿಲಿ ವಿಲಿಯಮ್ಸ್ 1929ರಲ್ಲಿ ಬ್ರಿಟಿಷ್ ವಸಾಹತು ಸೇವೆಯ ವೈದ್ಯೆಯಾಗಿ ಅಲ್ಲಿಗೆ, ಅಂದರೆ ಆಗಿನ ಗೋಲ್ಡ್ ಕೋಸ್ಟಿಗೆ ಹೋದರು. ಇಂಥ ಮಕ್ಕಳನ್ನು ಕಂಡಾಗ ಅವರು ಆ ಕಾಯಿಲೆಗೆ ನೀವು ಏನನ್ನುತ್ತೀರಿ ಎಂದು ಊರಿನ ಹೆಂಗಸರನ್ನೇ ಕೇಳಿದರು. ಸಿಕ್ಕ ಪದದ ಅರ್ಥ, ಮುಂದಿನ ಕೂಸು ಹುಟ್ಟಿದಾಗ ಹಿರಿಯ ಮಗುವಿಗೆ ಬರುವ ಬೇನೆ ಎಂದು. ಎದೆಹಾಲು ತಪ್ಪಿ, ಬರೀ ಮೆಕ್ಕೆಜೋಳದ ಗಂಜಿಗೆ ಬಿದ್ದ ಮಗುವಿನ ಕಥೆ ಆ ಒಂದು ಪದದಲ್ಲೇ ಇತ್ತು. 1935ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ಲೇಖನದಲ್ಲಿ ವಿಲಿಯಮ್ಸ್ ಆ ಹೆಸರನ್ನೇ ಉಳಿಸಿಕೊಂಡರು.

ಕಾಯಿಲೆಯ ಹೆಸರನ್ನು ತಾಯಂದಿರಿಂದ ಪಡೆದ ವೈದ್ಯಕೀಯ, ಅದರ ಚಿಕಿತ್ಸೆಯನ್ನು ಮಾತ್ರ ಅವರ ಕೈಗೆ ಕೊಡಲು ಮುಂದೆ ಅರವತ್ತಕ್ಕೂ ಹೆಚ್ಚು ವರ್ಷ ತೆಗೆದುಕೊಂಡಿತು. ಈ ವಿಳಂಬಕ್ಕೆ ಕಾರಣ ಬರೀ ಅಹಂಕಾರವಲ್ಲ. ತೀರಾ ಸೊರಗಿದ ಮಗುವಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸಿದರೆ ಜೀವಕ್ಕೇ ಅಪಾಯ. 1950ರ ದಶಕದಲ್ಲಿ ಜಾನ್ ವಾಟರ್‌ಲೋ ಜಮೈಕಾದಲ್ಲಿ ಕಟ್ಟಿದ ಸಂಶೋಧನಾ ಘಟಕ ಇಂಥ ಮಕ್ಕಳ ದೇಹದ ಒಳಗುಟ್ಟನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿತು. ಮೊದಲು ಎಫ್-75, ಮಗು ಚೇತರಿಸಿಕೊಂಡ ಮೇಲೆ ಎಫ್-100 ಎಂಬ ಔಷಧೀಯ ಹಾಲಿನ ಪದ್ಧತಿ ಇಂಥ ಅರಿವಿನ ಫಲ. ಅದು ಅಸಂಖ್ಯ ಮಕ್ಕಳನ್ನು ಉಳಿಸಿದೆ.

ಆದರೆ ಆ ಹಾಲನ್ನು ಶುದ್ಧ ನೀರಿನಲ್ಲಿ ಕಲಸಬೇಕು. ಕಲಸಿಟ್ಟರೆ ಬೇಗ ಕೆಡುತ್ತದೆ. ಹಗಲೂ ರಾತ್ರಿ ಅಳೆದು ಕುಡಿಸಲು ದಾದಿಯರು ಬೇಕು. ಹಾಗಾಗಿ ತಾಯಿ ಮಗುವಿನೊಂದಿಗೆ ವಾರಗಟ್ಟಲೆ ಕೇಂದ್ರದಲ್ಲೇ ಇರಬೇಕಾಗುತ್ತಿತ್ತು. ಮನೆಯಲ್ಲಿ ಉಳಿದ ಮಕ್ಕಳಿಗೆ ಯಾರು ದಿಕ್ಕು? ಹೊಲದ ಕಳೆ ಕೀಳುವವರು ಯಾರು? ಬರಗಾಲದಲ್ಲಿ ಕಿಕ್ಕಿರಿದ ಕೇಂದ್ರಗಳಲ್ಲಿ ಒಂದು ಮಗುವಿನ ಸೋಂಕು ಇನ್ನೊಂದಕ್ಕೆ ಹರಡುತ್ತಿತ್ತು. ಎಷ್ಟೋ ತಾಯಂದಿರು ಬರಲೇ ಇಲ್ಲ. ಬಂದವರಲ್ಲಿ ಕೆಲವರು ಅರ್ಧಕ್ಕೇ ಹೊರಟುಹೋದರು. ದಾಖಲೆಗಳು ಅವರನ್ನು 'ಚಿಕಿತ್ಸೆ ಬಿಟ್ಟವರು' ಎಂದು ಕರೆದವು. ಮನೆಯಲ್ಲಿ ಕಾಯುತ್ತಿದ್ದ ಉಳಿದ ಮಕ್ಕಳ ಲೆಕ್ಕ ಇಡಲು ಆ ಪಟ್ಟಿಯಲ್ಲಿ ಅಂಕಣವಿರಲಿಲ್ಲ.

1990ರ ದಶಕದ ನಡುವೆ ಫ್ರಾನ್ಸಿನ ಮಕ್ಕಳ ಪೌಷ್ಟಿಕತಜ್ಞ ಆಂದ್ರೆ ಬ್ರಿಯಾಂ ಮತ್ತು ಆಹಾರ ತಂತ್ರಜ್ಞ ಮಿಶೆಲ್ ಲೆಸ್ಕಾನ್ ಆ ಹಾಲಿನ ಪುಡಿಯ ಒಂದು ಭಾಗದ ಬದಲಿಗೆ ಅರೆದ ಕಡಲೆಕಾಯಿ ಸೇರಿಸಿದರು. ಜೊತೆಗೆ ಸಕ್ಕರೆ, ಎಣ್ಣೆ, ಜೀವಸತ್ವ, ಖನಿಜ. ನೀರೇ ಬೇಡದ ಈ ಮುದ್ದೆಯಲ್ಲಿ ಬ್ಯಾಕ್ಟೀರಿಯಾ ಸುಲಭಕ್ಕೆ ಬೆಳೆಯುವುದಿಲ್ಲ. 92 ಗ್ರಾಂ ಪೊಟ್ಟಣದಲ್ಲಿ 500 ಕಿಲೋಕ್ಯಾಲರಿ. ತುದಿ ಹರಿದು ಮಗುವೇ ಚೀಪಬಹುದು.

ಪೊಟ್ಟಣ ಬಂದ ಮಾತ್ರಕ್ಕೆ ಪದ್ಧತಿ ಬದಲಾಗಲಿಲ್ಲ. ಮಗುವನ್ನು ಮನೆಗೆ ಕಳಿಸಿ ನೋಡುವ ಧೈರ್ಯವೂ ಬೇಕಿತ್ತು. 2000ದ ಬರಗಾಲದಲ್ಲಿ ಇಥಿಯೋಪಿಯಾದ ಹಡಿಯಾ ಪ್ರದೇಶದಲ್ಲಿ ಸ್ಟೀವ್ ಕಾಲಿನ್ಸ್ ಮತ್ತು ಸಂಗಡಿಗರು ಅದನ್ನು ಮಾಡಿದರು. 2002ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 170 ಮಕ್ಕಳ ಲೆಕ್ಕವಿದೆ: 144 ಮಕ್ಕಳು ಗುಣವಾದರು, 7 ಮಕ್ಕಳು ತೀರಿಕೊಂಡರು. 2005ರಲ್ಲಿ ನೈಜರ್ ದೇಶದಲ್ಲಿ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ 60,000ಕ್ಕೂ ಹೆಚ್ಚು ಮಕ್ಕಳಿಗೆ ಚಿಕಿತ್ಸೆ ಕೊಟ್ಟಿತು. ಬಹುಪಾಲು ಮಕ್ಕಳು ಮನೆಯಲ್ಲೇ ಇದ್ದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದವು ಈ ಮಾರ್ಗಕ್ಕೆ ಜಂಟಿಯಾಗಿ ಒಪ್ಪಿಗೆ ಕೊಟ್ಟವು.

ಕ್ರಮ ಸರಳ. ಬಣ್ಣದ ಪಟ್ಟಿಯಿಂದ ಮಗುವಿನ ತೋಳು ಅಳೆಯುತ್ತಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಅಪಾಯ. ಪಾದದ ಬಾವು ನೋಡುತ್ತಾರೆ. ಆಮೇಲೆ ಮಗು ಹಸಿವಿನಿಂದ ತಿನ್ನುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ತಿಂದರೆ, ಬೇರೆ ತೊಡಕಿಲ್ಲದಿದ್ದರೆ, ಒಂದು ವಾರದ ಪೊಟ್ಟಣ ಕೊಟ್ಟು ಮನೆಗೆ. ಇಲ್ಲದಿದ್ದರೆ ಆಸ್ಪತ್ರೆಗೆ. ವಾರ್ಡು ಹೋಗಲಿಲ್ಲ, ಅದು ಬೇಕಾದ ಮಕ್ಕಳಿಗೆ ಮೀಸಲಾಯಿತು.

ಭಾರತದಲ್ಲಿ ಈ ಪೊಟ್ಟಣ ವಿವಾದವಾಯಿತು. ಯುನಿಸೆಫ್ ತರಿಸಿದ್ದನ್ನು 2009ರಲ್ಲಿ ಕೇಂದ್ರ ಸರ್ಕಾರ ತಡೆಯಿತು. ಮನೆಯ ಅನ್ನದ ಜಾಗದಲ್ಲಿ ಕಂಪನಿಯ ಪೊಟ್ಟಣ ಕೂತೀತೆಂಬ ಆತಂಕ ಹುಸಿಯಲ್ಲ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ 1950ರ ದಶಕದಲ್ಲೇ ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ವಿವಿಧೋದ್ದೇಶ ಪೂರಕ ಆಹಾರ ರೂಪಿಸಿತ್ತು. ಅದು ಈ ಚಿಕಿತ್ಸೆಗೆ ಸಮನಲ್ಲ; ಆದರೆ ಇಂಥ ಆಹಾರವನ್ನು ನಮ್ಮ ಬೆಳೆಯಿಂದಲೇ ಮಾಡಬಹುದು ಎಂಬುದಕ್ಕೆ ಸಾಕ್ಷಿ. ಪೊಟ್ಟಣ ಯಾರದು ಎಂಬ ಜಗಳದಲ್ಲಿ ಚಿಕಿತ್ಸೆ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಮರೆಯಾಗಬಾರದು.

ಕನ್ನಡದಲ್ಲಿ ಇಂಥ ಮಗುವನ್ನು 'ಹೊರರೋಗಿ' ಎನ್ನುತ್ತೇವೆ. ಅದು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಆಡುವ ಮಾತು. ತಾಯಿಯ ಕಡೆಯಿಂದ ನೋಡಿದರೆ ಮಗು ಒಳಗೇ ಇದೆ, ತನ್ನ ಮನೆಯ ಒಳಗೆ, ಹೊಸ ಕೂಸಿನ ಪಕ್ಕದಲ್ಲಿ. ಕಾಯಿಲೆ ಶುರುವಾದ ಜಾಗವೂ ಅದೇ ಎಂದು ಗಾ ಹೆಂಗಸರು ವಿಲಿಯಮ್ಸ್‌ಗೆ ಆಗಲೇ ಹೇಳಿದ್ದರು.